ಬಲದ ಲೆಕ್ಕದಲ್ಲಿ ಶಿಲ್ಕು ಎಷ್ಟು?

ಕೆ.ಆರ್. ಮಾರುಕಟ್ಟೆಯ ಆಸುಪಾಸಿನಲ್ಲಿ ಬೆಳಗಿನ ಜಾವ ತರಕಾರಿ ಮೂಟೆ ಹೇರಿದ ತಳ್ಳುಗಾಡಿಗಳನ್ನು ಗಮನಿಸಿ. ನಿಂತ ಗಾಡಿಯನ್ನು ಹೊರಡಿಸುವಾಗ ತಳ್ಳುವವರು ಮೈಯನ್ನೆಲ್ಲ ಮುಂದಕ್ಕೆ ಬಾಗಿಸಿ, ಕಾಲು ನೆಲಕ್ಕೆ ಊರಿ ನೂಕುತ್ತಾರೆ. ನಾಲ್ಕು ಹೆಜ್ಜೆ ಸಾಗಿದ ಮೇಲೆ ಬೆನ್ನು ನೆಟ್ಟಗಾಗುತ್ತದೆ, ಕೈ ಸಡಿಲವಾಗುತ್ತದೆ. ಗಾಡಿ ಮಾತ್ರ ಮೊದಲಿಗಿಂತ ಜೋರಾಗಿಯೇ ಹೋಗುತ್ತಿರುತ್ತದೆ. ಹೆಚ್ಚು ಬಲ ಹಾಕಿದರೆ ಹೆಚ್ಚು ವೇಗ ಎಂದು ನಂಬಿದವರಿಗೆ ಇದು ತಲೆಕೆಳಗಾಗಿ ಕಾಣಬೇಕು.

ಬಲದಿಂದ ಬರುವುದು ವೇಗವಲ್ಲ, ವೇಗದ ಬದಲಾವಣೆ. ಆ ಬದಲಾವಣೆ ಎಷ್ಟು ಬೇಗ ಆಗುತ್ತದೆ ಎಂಬುದಕ್ಕೆ ಪಠ್ಯಪುಸ್ತಕ ಇಟ್ಟ ಹೆಸರು ವೇಗೋತ್ಕರ್ಷ. ಎಷ್ಟು ಬೇಗ ಆಗುತ್ತದೆ ಎಂಬುದು ವಸ್ತುವಿನ ದ್ರವ್ಯರಾಶಿಯ ಮೇಲೂ ನಿಂತಿದೆ: ಅದೇ ಬಲಕ್ಕೆ ಎರಡು ಪಟ್ಟು ದ್ರವ್ಯರಾಶಿ ಸಿಕ್ಕರೆ ವೇಗೋತ್ಕರ್ಷ ಅರ್ಧ. ಬಲ = ದ್ರವ್ಯರಾಶಿ × ವೇಗೋತ್ಕರ್ಷ. ಒಂಬತ್ತನೇ ತರಗತಿಯಲ್ಲಿ ಬಾಯಿಪಾಠ ಮಾಡಿಸುವ ಸೂತ್ರ ಇಷ್ಟೇ. ಆದರೆ ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುವವರು ಸೂತ್ರ ಮರೆತವರಲ್ಲ, ಅದರಲ್ಲಿರುವ ‘ಬಲ’ ಯಾವ ಬಲ ಎಂದು ಕೇಳಿಕೊಳ್ಳದವರು.

ಗಾಡಿಯನ್ನೇ ಲೆಕ್ಕಕ್ಕೆ ಇಳಿಸೋಣ. ಮೂಟೆ ಸೇರಿ 200 ಕೆ.ಜಿ. ಎಂದಿಟ್ಟುಕೊಳ್ಳಿ. ಚಕ್ರ, ಅಚ್ಚು, ರಸ್ತೆಯ ತರಿ ಎಲ್ಲ ಸೇರಿ ಹಿಂದಕ್ಕೆಳೆಯುವ ಘರ್ಷಣೆ 60 ನ್ಯೂಟನ್ ಇರಲಿ. ನಿಂತ ಗಾಡಿಯನ್ನು 2 ಸೆಕೆಂಡಿನಲ್ಲಿ ಸೆಕೆಂಡಿಗೆ 1 ಮೀಟರ್ ವೇಗಕ್ಕೆ ತರಬೇಕಾದರೆ ವೇಗೋತ್ಕರ್ಷ 0.5 ಮೀ/ಸೆ². ಅದಕ್ಕೆ 200 × 0.5 = 100 ನ್ಯೂಟನ್ ಬೇಕು. ಕೈ ಹಾಕಬೇಕಾದ್ದು ಮಾತ್ರ 160, ಏಕೆಂದರೆ 60 ಅನ್ನು ಘರ್ಷಣೆ ತಿಂದುಹಾಕುತ್ತದೆ. ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಜಮೆಯಿಂದ ಖರ್ಚು ಕಳೆದು ಉಳಿದದ್ದನ್ನು ಶಿಲ್ಕು ಎನ್ನುತ್ತಾರಲ್ಲ, ಸೂತ್ರದಲ್ಲಿ ಕೂರುವುದು ಆ ಶಿಲ್ಕು. ಪುಸ್ತಕದ ಭಾಷೆಯಲ್ಲಿ ನಿವ್ವಳ ಬಲ.

ಗಾಡಿ ವೇಗ ಪಡೆದ ಮೇಲೆ 60 ನ್ಯೂಟನ್ ಹಾಕಿದರೆ ಸಾಕು. ಜಮೆ 60, ಖರ್ಚು 60, ಶಿಲ್ಕು ಸೊನ್ನೆ, ವೇಗೋತ್ಕರ್ಷವೂ ಸೊನ್ನೆ. ಅಂದರೆ ಗಾಡಿ ನಿಲ್ಲುತ್ತದೆ ಎಂದಲ್ಲ, ಇದ್ದ ವೇಗದಲ್ಲೇ ಸಾಗುತ್ತದೆ. ಈಗ ಅದೇ ಗಾಡಿ ಏರಿಗೆ ಬಂತು. 20 ಮೀಟರ್ ಸಾಗಿದರೆ 1 ಮೀಟರ್ ಮೇಲೇರುವಂಥ ಏರು. ಗಾಡಿಯ ತೂಕದ ಇಪ್ಪತ್ತನೇ ಒಂದು ಪಾಲು, ಅಂದರೆ ಸುಮಾರು 98 ನ್ಯೂಟನ್, ಹಿಂದಕ್ಕೆ ಎಳೆಯತೊಡಗುತ್ತದೆ. ಘರ್ಷಣೆಯ 60 ಸೇರಿದರೆ 158. ಸಮತಟ್ಟಿನಲ್ಲಿ ಗಾಡಿಯನ್ನು ಹೊರಡಿಸಲು ಬೇಕಾದಷ್ಟೇ ಬಲವನ್ನು ಇಲ್ಲಿ ಒಂದೇ ಸಮನೆ ಹಾಕುತ್ತಿದ್ದರೂ ವೇಗ ಒಂದಿಷ್ಟೂ ಹೆಚ್ಚುವುದಿಲ್ಲ. ತೋಳಿನ ನೋವು ಒಂದೇ, ಶಿಲ್ಕು ಬೇರೆ.

ಇಲ್ಲೊಂದು ಹಳೆಯ ತಕರಾರು ಬರುತ್ತದೆ. ನಾವು ಗಾಡಿಯನ್ನು ಎಷ್ಟು ತಳ್ಳುತ್ತೇವೋ ಗಾಡಿಯೂ ನಮ್ಮನ್ನು ಅಷ್ಟೇ ಹಿಂದಕ್ಕೆ ತಳ್ಳುತ್ತದೆ ಎನ್ನುತ್ತದೆ ನ್ಯೂಟನ್ನನ ಮೂರನೇ ನಿಯಮ. ಹಾಗಾದರೆ ಎರಡೂ ವಜಾ ಆಗಿ ಶಿಲ್ಕು ಯಾವಾಗಲೂ ಸೊನ್ನೆ ಆಗಬೇಕಲ್ಲವೇ? ಆಗುವುದಿಲ್ಲ. ಗಾಡಿಯ ಮೇಲಿನ ಬಲ ಗಾಡಿಯ ಖಾತೆಗೆ, ತಳ್ಳುವವರ ಮೇಲಿನ ಬಲ ತಳ್ಳುವವರ ಖಾತೆಗೆ. ಒಬ್ಬರ ಜಮೆಯನ್ನು ಇನ್ನೊಬ್ಬರ ಖರ್ಚಿನ ಎದುರು ಕಳೆಯಲಾಗದು. ಆದ್ದರಿಂದ ಯಾವುದೇ ಲೆಕ್ಕದಲ್ಲಿ ಮೊದಲು ಒಂದು ವಸ್ತುವನ್ನು ಆರಿಸಿಕೊಂಡು, ಅದರ ಸುತ್ತ ಗೆರೆ ಎಳೆದು, ಅದನ್ನು ಮುಟ್ಟುತ್ತಿರುವವು ಯಾವುವು, ಮುಟ್ಟದೆಯೇ ಎಳೆಯುತ್ತಿರುವ ಭೂಮಿ ಎಷ್ಟು ಎಂದು ಬರೆದುಕೊಳ್ಳಬೇಕು. ಮುಕ್ಕಾಲು ಭಾಗ ಲೆಕ್ಕ ಅಲ್ಲೇ ಮುಗಿಯುತ್ತದೆ. ಉಳಿದ ಕಾಲು ಭಾಗ ಅಳತೆಗಳನ್ನು ಬದಲಿಸುವುದರಲ್ಲಿದೆ: ಗ್ರಾಮನ್ನು 1,000ದಿಂದ ಭಾಗಿಸಿ ಕೆ.ಜಿ. ಮಾಡಬೇಕು, ಗಂಟೆಗೆ ಕಿ.ಮೀ. ಅನ್ನು 3.6ರಿಂದ ಭಾಗಿಸಿ ಸೆಕೆಂಡಿಗೆ ಮೀಟರ್ ಮಾಡಬೇಕು. ಉತ್ತರ ನೂರು ಪಟ್ಟು, ಸಾವಿರ ಪಟ್ಟು ತಪ್ಪುವುದು ಸಾಮಾನ್ಯವಾಗಿ ಇಲ್ಲೇ.

ನ್ಯೂಟನ್ ಎಂಬ ಅಳತೆಯ ಅಂದಾಜು ಕೈಗೆ ಸಿಗಬೇಕಾದರೆ ಎರಡು ಏಲಕ್ಕಿ ಬಾಳೆಹಣ್ಣನ್ನು ಅಂಗೈ ಮೇಲಿಟ್ಟುಕೊಳ್ಳಿ. ನೂರು ಗ್ರಾಂ ಆಸುಪಾಸಿನ ವಸ್ತುವನ್ನು ಭೂಮಿ ಎಳೆಯುವ ಬಲ ಹತ್ತಿರಹತ್ತಿರ 1 ನ್ಯೂಟನ್.

ದ್ರವ್ಯರಾಶಿ ಮತ್ತು ತೂಕ ಬೇರೆಬೇರೆ ಎಂಬ ಮಾತನ್ನು ಎಲ್ಲರೂ ಚಂದ್ರನಿಗೆ ಕರೆದೊಯ್ದು ವಿವರಿಸುತ್ತಾರೆ. ಅಷ್ಟು ದೂರ ಹೋಗಬೇಕಿಲ್ಲ, ನಗರತ್‌ಪೇಟೆಯ ಚಿನ್ನದ ಅಂಗಡಿಯವರೆಗೆ ಹೋದರೆ ಸಾಕು. ಎಲೆಕ್ಟ್ರಾನಿಕ್ ತಕ್ಕಡಿಯೊಳಗೆ ಲೋಡ್ ಸೆಲ್ ಇರುತ್ತದೆ. ತಟ್ಟೆಯ ಮೇಲೆ ಬಿದ್ದ ಬಲಕ್ಕೆ ಒಂದು ಲೋಹದ ಪಟ್ಟಿ ಎಷ್ಟು ಬಾಗುತ್ತದೆ ಎಂದು ಅದು ಅಳೆಯುತ್ತದೆ, ಆಮೇಲೆ ಆ ಬಲವನ್ನು ಗುರುತ್ವ ವೇಗೋತ್ಕರ್ಷದಿಂದ, ಅಂದರೆ ಭೂಮಿಯ ಸೆಳೆತಕ್ಕೆ ಬೀಳುವ ವಸ್ತು ಪಡೆಯುವ ವೇಗೋತ್ಕರ್ಷದಿಂದ, ಭಾಗಿಸಿದಂತೆ ಮಾಡಿ ಗ್ರಾಂನಲ್ಲಿ ತೋರಿಸುತ್ತದೆ. ದೆಹಲಿಯಲ್ಲಿ ಗುರುತ್ವ ವೇಗೋತ್ಕರ್ಷ ಸುಮಾರು 9.791 ಮೀ/ಸೆ². ಬೆಂಗಳೂರಿನಲ್ಲಿ ಸುಮಾರು 9.780. ನಾವು ಸಮಭಾಜಕಕ್ಕೆ ಹತ್ತಿರ ಇದ್ದೇವೆ, ಸಾಲದ್ದಕ್ಕೆ ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲೂ ಇದ್ದೇವೆ. ದೆಹಲಿಯಲ್ಲಿ ಸರಿಹೊಂದಿಸಿದ ಇಂಥ ತಕ್ಕಡಿಯನ್ನು ಇಲ್ಲಿ ಮತ್ತೆ ಹೊಂದಿಸದೆ ಬಳಸಿದರೆ 100 ಗ್ರಾಂ ಚಿನ್ನ 99.89 ಗ್ರಾಂ ಎಂದು ತೋರಿಸುತ್ತದೆ. ಒಂದು ಗ್ರಾಂನ ಹತ್ತನೇ ಒಂದು ಪಾಲು ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ. ಚಿನ್ನದ ದ್ರವ್ಯರಾಶಿ ಅಷ್ಟೇ ಇದೆ, ಭೂಮಿ ಎಳೆಯುವ ಬಲ ಕಡಿಮೆಯಾಗಿದೆ. ಅದಕ್ಕೇ ತಕ್ಕಡಿಯನ್ನು ಬಳಸುವ ಊರಿನಲ್ಲೇ ಪ್ರಮಾಣಿತ ಬೊಟ್ಟು ಇಟ್ಟು ಹೊಂದಿಸುವುದು. ಹಳೆಯ ಎರಡು ತಟ್ಟೆಯ ತಕ್ಕಡಿಗೆ ಈ ತಾಪತ್ರಯವಿರಲಿಲ್ಲ. ಒಂದು ತಟ್ಟೆಯಲ್ಲಿ ಚಿನ್ನ, ಇನ್ನೊಂದರಲ್ಲಿ ಗುಲಗಂಜಿ. ಗುರುತ್ವ ಕಡಿಮೆಯಾದರೆ ಎರಡಕ್ಕೂ ಕಡಿಮೆ.

ಮನೆಯ ತೂಕದ ಯಂತ್ರವನ್ನು ಅಪಾರ್ಟ್‌ಮೆಂಟಿನ ಲಿಫ್ಟಿಗೆ ಒಯ್ದರೆ ಇದೇ ಲೆಕ್ಕ ಇನ್ನೂ ದೊಡ್ಡದಾಗಿ ಕಾಣುತ್ತದೆ. 60 ಕೆ.ಜಿ.ಯವರು ನಿಂತಿದ್ದಾರೆ, ಲಿಫ್ಟ್ 1 ಮೀ/ಸೆ² ವೇಗೋತ್ಕರ್ಷದಿಂದ ಮೇಲಕ್ಕೆ ಹೊರಟಿತು ಎನ್ನಿ. ಭೂಮಿ ಕೆಳಕ್ಕೆಳೆಯುವುದು 587 ನ್ಯೂಟನ್. ಮೇಲ್ಮುಖವಾಗಿ 60 ನ್ಯೂಟನ್ ಶಿಲ್ಕು ಉಳಿಯಬೇಕಾದರೆ ಯಂತ್ರ ಪಾದಗಳನ್ನು 647 ನ್ಯೂಟನ್ ಬಲದಿಂದ ಒತ್ತಬೇಕು. ಯಂತ್ರ ಓದುವುದು ಅದನ್ನೇ, ತೋರಿಸುವುದು 66 ಕೆ.ಜಿ. ಅಂತಸ್ತುಗಳ ನಡುವೆ ಒಂದೇ ವೇಗದಲ್ಲಿ ಸಾಗುವಾಗ ಮತ್ತೆ 60. ಮೇಲೆ ನಿಲ್ಲುವ ಮುನ್ನ ನಿಧಾನವಾಗುವಾಗ 54. ಕೆಳಗಿಳಿಯುವಾಗ ಇದರ ಅದಲುಬದಲು: ಹೊರಡುವಾಗ 54, ನೆಲಮಹಡಿಯಲ್ಲಿ ನಿಲ್ಲುವಾಗ 66. ಮೇಲೆ ಹೋಗುತ್ತಿದೆಯೋ ಕೆಳಗೆ ಹೋಗುತ್ತಿದೆಯೋ ಎಂಬುದಕ್ಕೂ ಈ ಅಂಕಿಗೂ ಸಂಬಂಧವಿಲ್ಲ ಎಂಬುದನ್ನು ಗಮನಿಸಿ. ಡಿಜಿಟಲ್ ಯಂತ್ರಗಳು ಓದು ಸ್ಥಿರವಾಗುವವರೆಗೆ ಕಾದು ಅಂಕಿಯನ್ನು ಹಿಡಿದಿಡುವುದರಿಂದ ಈ ಏರಿಳಿತ ತಪ್ಪಿಹೋಗಬಹುದು. ಮುಳ್ಳಿರುವ ಹಳೆಯ ಯಂತ್ರ ಸಿಕ್ಕರೆ ಒಳ್ಳೆಯದು.

ವೇಗೋತ್ಕರ್ಷವನ್ನು ನೇರವಾಗಿ ಅಳೆಯುವ ಸಾಧನ ಈಗ ಎಲ್ಲರ ಜೇಬಿನಲ್ಲೂ ಇದೆ. ಮೊಬೈಲಿನೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಸಿಲಿಕಾನ್ ತುಣುಕು ಅಷ್ಟೇ ಚಿಕ್ಕ ಸ್ಪ್ರಿಂಗ್‌ಗಳಿಂದ ತೂಗುತ್ತಿರುತ್ತದೆ. ಫೋನ್ ಮುನ್ನುಗ್ಗಿದರೆ ತುಣುಕು ಹಿಂದುಳಿಯುತ್ತದೆ, ಸ್ಪ್ರಿಂಗ್ ಎಳೆತಕ್ಕೊಳಗಾಗುತ್ತದೆ. ಸರಿದ ದೂರದಿಂದ ಬಲ, ಬಲವನ್ನು ತುಣುಕಿನ ದ್ರವ್ಯರಾಶಿಯಿಂದ ಭಾಗಿಸಿದರೆ ವೇಗೋತ್ಕರ್ಷ. ನಮ್ಮ ಸೂತ್ರವನ್ನು ಫೋನ್ ಸೆಕೆಂಡಿಗೆ ನೂರಾರು ಸಲ ಲೆಕ್ಕ ಹಾಕುತ್ತಿರುತ್ತದೆ. ಫೈಫಾಕ್ಸ್‌ನಂಥ ಉಚಿತ ಆ್ಯಪ್ ಹಾಕಿಕೊಂಡರೆ ಅಂಕಿ, ನಕ್ಷೆ ಎರಡೂ ಕಾಣುತ್ತವೆ. ಮೇಜಿನ ಮೇಲೆ ಸುಮ್ಮನೆ ಮಲಗಿಸಿದ ಫೋನ್ ಸೊನ್ನೆ ತೋರಿಸಬೇಕು ಎಂದುಕೊಳ್ಳುತ್ತೇವೆ, ಅದು 9.8 ತೋರಿಸುತ್ತದೆ. ಕೆಟ್ಟಿಲ್ಲ. ತುಣುಕು ಕೆಳಗೆ ಬೀಳದಂತೆ ಸ್ಪ್ರಿಂಗ್ ತಡೆಯುತ್ತಿರುವ ಬಲವನ್ನು ಅದು ಓದುತ್ತಿದೆ. ಅದೇ ಫೋನನ್ನು ದಿಂಬಿನ ಮೇಲೆ ಬೀಳಲು ಬಿಟ್ಟರೆ ಗಾಳಿಯಲ್ಲಿರುವ ಆ ಅರೆಕ್ಷಣ ಸೊನ್ನೆಯ ಹತ್ತಿರ ಬರುತ್ತದೆ.

ನಮ್ಮ ಮೆಟ್ರೋದಲ್ಲಿ ಅಳೆಯುವುದಾದರೆ ರೈಲು ಸಾಗುವ ದಿಕ್ಕಿಗೆ ಫೋನಿನ ಉದ್ದ ಬರುವಂತೆ ಸೀಟಿನ ಸಮತಟ್ಟಾದ ಜಾಗದಲ್ಲಿಡಿ, ಕೈಯಲ್ಲಿ ಹಿಡಿಯಬೇಡಿ. ಬಾಗಿಲು ಮುಚ್ಚುವ ಮುನ್ನವೇ ದಾಖಲು ಶುರುಮಾಡಿ, ನಿಂತಾಗಿನ ಓದನ್ನು ಗುರುತಿಟ್ಟುಕೊಂಡು ಕೊನೆಗೆ ಅದನ್ನು ಎಲ್ಲ ಓದುಗಳಿಂದ ಕಳೆಯಿರಿ. ಇದನ್ನು ಬಿಟ್ಟರೆ ಲೆಕ್ಕ ಕೆಡುತ್ತದೆ: ಫೋನ್ ಒಂದೇ ಒಂದು ಡಿಗ್ರಿ ವಾಲಿದ್ದರೂ ಗುರುತ್ವದ ಪಾಲು ಸೇರಿಕೊಂಡು 0.17 ಮೀ/ಸೆ² ಸುಳ್ಳು ವೇಗೋತ್ಕರ್ಷ ಕಾಣುತ್ತದೆ. ಮೆಟ್ರೋ ರೈಲುಗಳು ಹೊರಡುವಾಗ 1 ಮೀ/ಸೆ² ಆಸುಪಾಸು ಇರುತ್ತವೆ, ಅದರಲ್ಲಿ 0.17 ಸಣ್ಣ ತಪ್ಪಲ್ಲ. ಫೋನ್ ಬೇಡವೆಂದರೆ 50 ಸೆಂ.ಮೀ. ದಾರಕ್ಕೆ ಬೀಗದ ಕೈ ಗೊಂಚಲು ಕಟ್ಟಿ ತೂಗುಹಾಕಿ. 1 ಮೀ/ಸೆ² ಇದ್ದಾಗ ಅದು ಸುಮಾರು 5 ಸೆಂ.ಮೀ. ಹಿಂದಕ್ಕೆ ವಾಲಿ ನಿಲ್ಲುತ್ತದೆ.

ನಕ್ಷೆಯಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ವೇಗ ಹೆಚ್ಚಿದಂತೆ ವೇಗೋತ್ಕರ್ಷ ಇಳಿಯುತ್ತದೆ. ಮೋಟರಿನ ಸಾಮರ್ಥ್ಯಕ್ಕೆ ಮಿತಿಯಿದೆ, ಸಾಮರ್ಥ್ಯ ಎಂದರೆ ಬಲ × ವೇಗ. ವೇಗ ಏರಿದರೆ ಬಲ ಇಳಿಯಲೇಬೇಕು, ಗಾಳಿಯ ತಡೆ ಬೇರೆ ಏರುತ್ತಿರುತ್ತದೆ. ಮೂರು ಬೋಗಿಯ ರೈಲುಗಳನ್ನು ಆರು ಬೋಗಿಗೆ ಏರಿಸಿದಾಗ ದ್ರವ್ಯರಾಶಿ ಎರಡು ಪಟ್ಟಾದರೂ ರೈಲು ಮಂದವಾಗದಿರುವುದು ಹೇಗೆ ಎಂದರೆ, ಸೇರಿಸಿದ ಬೋಗಿಗಳಲ್ಲೂ ಮೋಟರ್‌ಗಳಿವೆ. ಬಲವೂ ಎರಡು ಪಟ್ಟು, ದ್ರವ್ಯರಾಶಿಯೂ ಎರಡು ಪಟ್ಟು, ಭಾಗಲಬ್ಧ ಹಿಂದಿನದೇ.

ವೇಗ ಬದಲಾಗದಿದ್ದರೂ ದಿಕ್ಕು ಬದಲಾದರೆ ಅದೂ ವೇಗೋತ್ಕರ್ಷವೇ. 40 ಮೀಟರ್ ತ್ರಿಜ್ಯದ ಮೇಲ್ಸೇತುವೆ ತಿರುವಿನಲ್ಲಿ ಬಸ್ಸು ಗಂಟೆಗೆ 36 ಕಿ.ಮೀ. ವೇಗದಲ್ಲಿ ತಿರುಗಿದರೆ ಒಳಬದಿಗೆ 2.5 ಮೀ/ಸೆ². 60 ಕೆ.ಜಿ.ಯ ಪ್ರಯಾಣಿಕರಿಗೆ 150 ನ್ಯೂಟನ್ ಬಲವನ್ನು ಯಾರಾದರೂ ಕೊಡಬೇಕು: ಸೀಟು, ಕಂಬಿ, ಇಲ್ಲವೇ ಪಕ್ಕದವರ ಹೆಗಲು.

ಶಾಲೆಯ ಪ್ರಯೋಗಾಲಯದಲ್ಲಿ ಈ ಸೂತ್ರವನ್ನು ಪರೀಕ್ಷಿಸುವ ವಿಧಾನ ಹಳೆಯದು: ಹಲಗೆಯ ಮೇಲೆ ಸಣ್ಣ ಗಾಡಿ, ಅದಕ್ಕೆ ದಾರ, ದಾರ ಹಲಗೆಯ ತುದಿಯ ರಾಟೆಯ ಮೇಲೆ ಹಾಯ್ದು ಕೆಳಗೆ ತೂಗುವ ಬೊಟ್ಟು. ಬೊಟ್ಟು ಇಳಿಯುತ್ತದೆ, ಗಾಡಿ ಓಡುತ್ತದೆ. ತಪ್ಪುವುದಕ್ಕೆ ಇಲ್ಲಿ ಕನಿಷ್ಠ ಮೂರು ಜಾಗಗಳಿವೆ. ಗಾಡಿ 500 ಗ್ರಾಂ, ಬೊಟ್ಟು 50 ಗ್ರಾಂ ಎನ್ನಿ. ಬೊಟ್ಟಿನ ತೂಕ 0.489 ನ್ಯೂಟನ್. ಇದನ್ನು 0.5 ಕೆ.ಜಿ.ಯಿಂದ ಭಾಗಿಸಿ 0.98 ಮೀ/ಸೆ² ಎಂದು ಬರೆಯುವವರೇ ಹೆಚ್ಚು. ಆದರೆ ವೇಗ ಪಡೆಯುತ್ತಿರುವುದು ಗಾಡಿ ಒಂದೇ ಅಲ್ಲ, ಬೊಟ್ಟೂ ಕೂಡ. ಭಾಗಿಸಬೇಕಾದ್ದು 0.55ರಿಂದ; ಉತ್ತರ 0.89. ಹಾಗಾಗಿಯೇ ಬಲವನ್ನು ಬದಲಿಸಿ ನೋಡುವಾಗ ಹೊಸ ಬೊಟ್ಟು ತಂದು ಸೇರಿಸಬಾರದು. ಎಲ್ಲ ಬೊಟ್ಟುಗಳನ್ನೂ ಮೊದಲೇ ಗಾಡಿಯಲ್ಲಿಟ್ಟುಕೊಂಡು ಒಂದೊಂದಾಗಿ ದಾರದ ತುದಿಗೆ ವರ್ಗಾಯಿಸಬೇಕು. ಆಗ ಓಡುವ ಒಟ್ಟು ದ್ರವ್ಯರಾಶಿ ಬದಲಾಗದೆ ಬಲ ಮಾತ್ರ ಬದಲಾಗುತ್ತದೆ.

ಎರಡನೆಯದು ಘರ್ಷಣೆ. 0.1 ನ್ಯೂಟನ್‌ನಷ್ಟು ಉಳಿದಿದ್ದರೂ 0.89 ಇದ್ದದ್ದು 0.71ಕ್ಕೆ ಇಳಿಯುತ್ತದೆ. ದಾರ ಕಟ್ಟುವ ಮೊದಲೇ ಹಲಗೆಯ ಒಂದು ತುದಿಯ ಕೆಳಗೆ ನೋಟ್‌ಬುಕ್ಕುಗಳನ್ನಿಡುತ್ತ ಬನ್ನಿ. ಬೆರಳಿನಿಂದ ಸ್ವಲ್ಪ ತಳ್ಳಿದ ಗಾಡಿ ವೇಗ ಹೆಚ್ಚಿಸಿಕೊಳ್ಳದೆ, ಕಳೆದುಕೊಳ್ಳದೆ ಸಾಗುವಷ್ಟು ಇಳಿಜಾರಾದರೆ ಘರ್ಷಣೆಗೆ ಇಳಿಜಾರು ಸಮ ಆಯಿತೆಂದು ಅರ್ಥ. ಗಾಡಿಗೆ ಹೇರು ಹೆಚ್ಚಿಸಿದರೆ ಘರ್ಷಣೆಯೂ ಹೆಚ್ಚುತ್ತದೆ, ಇಳಿಜಾರಿನ ಎಳೆತವೂ ಹೆಚ್ಚೂಕಡಿಮೆ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ, ಹಾಗಾಗಿ ಪ್ರತಿ ಸಲ ಹೊಸದಾಗಿ ಹೊಂದಿಸಬೇಕಿಲ್ಲ.

ಮೂರನೆಯದು ಸಮಯ. 0.89 ಮೀ/ಸೆ²ನಲ್ಲಿ ನಿಂತಲ್ಲಿಂದ 1 ಮೀಟರ್ ದಾಟಲು ಗಾಡಿಗೆ ಬೇಕಾದ್ದು 1.5 ಸೆಕೆಂಡ್. ಸ್ಟಾಪ್‌ವಾಚ್ ಒತ್ತುವ ಬೆರಳು 0.2 ಸೆಕೆಂಡ್ ತಡಮಾಡಿದರೆ ಸಮಯದಲ್ಲಿ 13 ಶೇಕಡಾ ತಪ್ಪು. ಸೂತ್ರದಲ್ಲಿ ಸಮಯದ ವರ್ಗ ಬರುವುದರಿಂದ ವೇಗೋತ್ಕರ್ಷದಲ್ಲಿ ಅದರ ಸುಮಾರು ಎರಡರಷ್ಟು. ಬೆರಳನ್ನು ನಂಬುವುದಕ್ಕಿಂತ ಮೊಬೈಲಿನ ಸ್ಲೋ ಮೋಷನ್ ವಿಡಿಯೋ ವಾಸಿ. ಸೆಕೆಂಡಿಗೆ 240 ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ 4 ಮಿಲಿಸೆಕೆಂಡ್ ಅಂತರ. ಹಲಗೆಯ ಪಕ್ಕ ಟೇಪು ಅಂಟಿಸಿ, ಕ್ಯಾಮೆರಾ ಓಟಕ್ಕೆ ಲಂಬವಾಗಿರುವಂತೆ ದೂರದಲ್ಲಿಟ್ಟು, ಚಿತ್ರಗಳನ್ನು ಎಣಿಸಿ. ವೇಗೋತ್ಕರ್ಷದ ಎದುರು ಬಲವನ್ನು ಗುರುತಿಸಿದ ನಕ್ಷೆಯ ಗೆರೆ ಮೂಲಬಿಂದುವಿಗೆ ಬರದೆ ಪಕ್ಕಕ್ಕೆ ಸರಿದಿದ್ದರೆ ಸೂತ್ರ ಸುಳ್ಳಾಯಿತೆಂದಲ್ಲ. ಸರಿದಷ್ಟು ಘರ್ಷಣೆಯನ್ನು ಇಳಿಜಾರು ಸರಿದೂಗಿಸಿಲ್ಲ.

ಇನ್ನು ಬ್ರೇಕು. ಸ್ಕೂಟರಿನಲ್ಲಿ ಇಬ್ಬರು ಕೂತರೆ ನಿಲ್ಲುವ ದೂರ ಹೆಚ್ಚುತ್ತದೆಯೇ? ಹೆಚ್ಚುತ್ತದೆ ಎಂಬುದೂ ಹೆಚ್ಚುವುದಿಲ್ಲ ಎಂಬುದೂ ಸರಿ, ಬ್ರೇಕನ್ನು ಎಷ್ಟು ಒತ್ತಿದಿರಿ ಎಂಬುದರ ಮೇಲೆ. ಗಂಟೆಗೆ 40 ಕಿ.ಮೀ. ಎಂದರೆ ಸೆಕೆಂಡಿಗೆ 11.1 ಮೀಟರ್. ಟೈರು ಜಾರುವ ಅಂಚಿನವರೆಗೆ ಬ್ರೇಕ್ ಹಿಡಿದರೆ ತಡೆಯುವ ಬಲ ರಸ್ತೆಯ ಘರ್ಷಣೆಯದು, ಅದು ಒಟ್ಟು ತೂಕಕ್ಕೆ ಅನುಗುಣ. ತೂಕ ಹೆಚ್ಚಿದರೆ ಬಲವೂ ಹೆಚ್ಚುತ್ತದೆ, ದ್ರವ್ಯರಾಶಿ ಎರಡೂ ಕಡೆ ಬಂದು ಹೊಡೆದುಹೋಗುತ್ತದೆ. ಒಣ ಡಾಂಬರಿನಲ್ಲಿ ಘರ್ಷಣಾಂಕ (ಘರ್ಷಣೆ ತೂಕದ ಎಷ್ಟು ಪಾಲು ಎಂಬ ಅಂಕಿ) 0.7 ಎಂದು ಹಿಡಿದರೆ ಒಬ್ಬರಿದ್ದರೂ ಇಬ್ಬರಿದ್ದರೂ 9 ಮೀಟರ್. ಮಳೆ ಬಿದ್ದು 0.4ಕ್ಕೆ ಇಳಿದರೆ 15.8 ಮೀಟರ್. ಆದರೆ ದಿನನಿತ್ಯದ ಸವಾರಿಯಲ್ಲಿ ಯಾರೂ ಜಾರುವ ಅಂಚಿಗೆ ಹೋಗುವುದಿಲ್ಲ, ಬೆರಳು ರೂಢಿಯಂತೆ ಒತ್ತುತ್ತದೆ. ಆ ಒತ್ತಿಗೆ 900 ನ್ಯೂಟನ್ ತಡೆ ಸಿಗುತ್ತದೆ ಎನ್ನಿ. ಸವಾರರೂ ಸೇರಿ 180 ಕೆ.ಜಿ. ಇದ್ದಾಗ ಸ್ಕೂಟರ್ 12.3 ಮೀಟರಿನಲ್ಲಿ ನಿಲ್ಲುತ್ತದೆ. ಹಿಂದೆ ಇನ್ನೊಬ್ಬರು ಕೂತು 250 ಕೆ.ಜಿ. ಆದರೆ 17 ಮೀಟರ್. ಸಿಗ್ನಲ್ಲಿನಲ್ಲಿ ಮುಂದಿನ ಆಟೋಗೆ ಮೆಲ್ಲಗೆ ಹೋಗಿ ಮುಟ್ಟುವುದು ಆ ಹೆಚ್ಚುವರಿ ಐದು ಮೀಟರಿನಲ್ಲೇ. ಇದೆಲ್ಲ ಬ್ರೇಕ್ ಹಿಡಿದ ಮೇಲಿನ ದೂರ. ಕಣ್ಣು ಕಂಡು ಕೈ ಒತ್ತುವುದಕ್ಕೆ ಒಂದು ಸೆಕೆಂಡ್ ಹಿಡಿದರೆ ಅದಕ್ಕೂ ಮೊದಲೇ 11 ಮೀಟರ್ ಕಳೆದಿರುತ್ತದೆ.

ಹೆಲ್ಮೆಟ್ ಕೂಡ ಇದೇ ಸೂತ್ರದ ಸಾಮಾನು. ನ್ಯೂಟನ್ 1687ರಲ್ಲಿ ತನ್ನ ಎರಡನೇ ನಿಯಮವನ್ನು ಬರೆದದ್ದು ವೇಗೋತ್ಕರ್ಷದ ಮಾತಿನಲ್ಲಲ್ಲ, ಸಂವೇಗದ (ದ್ರವ್ಯರಾಶಿ × ವೇಗ) ಬದಲಾವಣೆಯ ಮಾತಿನಲ್ಲಿ. ಇಂದಿನ ರೂಪಕ್ಕೆ ತಂದದ್ದು ಹದಿನೆಂಟನೇ ಶತಮಾನದ ನಡುವೆ ಗಣಿತಜ್ಞ ಆಯ್ಲರ್. ಬಿದ್ದಾಗ ಏನಾಗುತ್ತದೆ ಎನ್ನಲು ನ್ಯೂಟನ್ನನ ದಾರಿಯೇ ಸಲೀಸು. ಸುಮಾರು 5 ಕೆ.ಜಿ.ಯ ತಲೆ ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ನೆಲಕ್ಕೆ ಬಂತು ಎಂದರೆ ಕಳೆದುಕೊಳ್ಳಬೇಕಾದ ಸಂವೇಗ ಅಷ್ಟೇ, ಹೆಲ್ಮೆಟ್ ಇರಲಿ ಬಿಡಲಿ. ಬದಲಾಗುವುದು ಎಷ್ಟು ಹೊತ್ತಿನಲ್ಲಿ, ಎಷ್ಟು ದೂರದಲ್ಲಿ ಎಂಬುದು. ಒಳಗಿನ ದಪ್ಪ ಥರ್ಮೋಕೋಲ್ ಪದರ 2.5 ಸೆಂ.ಮೀ. ಜಜ್ಜಿಹೋಗುವಷ್ಟರಲ್ಲಿ ತಲೆ ನಿಂತರೆ ಸರಾಸರಿ ಬಲ 3,600 ನ್ಯೂಟನ್. ಬರಿ ತಲೆ 3 ಮಿ.ಮೀ.ನಲ್ಲಿ ನಿಂತರೆ 30,000. ಪೊಲೀಸರ ಕಣ್ಣಿಗೆ ಮಾತ್ರ ಹೆಲ್ಮೆಟ್ಟಾಗಿ ಕಾಣುವ ಟೊಪ್ಪಿಗೆಯಂಥ ಪ್ಲಾಸ್ಟಿಕ್ಕಿನಲ್ಲಿ ಆ ಪದರವೇ ಇರುವುದಿಲ್ಲ, ಹಾಗಾಗಿ ಲೆಕ್ಕ ಎರಡನೆಯ ಅಂಕಿಯ ಕಡೆಗೇ ವಾಲುತ್ತದೆ. ಐಎಸ್ 4151 ಎಂಬ ಮಾನಕದ ಗುರುತು ನೋಡಿ ಕೊಳ್ಳುವುದು ಈ ಪದರಕ್ಕಾಗಿ. ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಪದರ ಆಗಲೇ ಜಜ್ಜಿರುತ್ತದೆ, ಎರಡನೇ ಸಲ ಕೊಡಲು ಅದರ ಬಳಿ ಆ 2.5 ಸೆಂ.ಮೀ. ಉಳಿದಿರುವುದಿಲ್ಲ.

ಇಲ್ಲಿಯವರೆಗೆ ದ್ರವ್ಯರಾಶಿ ಕದಲದೆ ಇತ್ತು. ರಾಕೆಟ್ಟಿನಲ್ಲಿ ಅದೂ ಕದಲುತ್ತದೆ. 2023ರ ಜುಲೈ 14ರಂದು ಚಂದ್ರಯಾನ-3 ಅನ್ನು ಶ್ರೀಹರಿಕೋಟಾದಿಂದ ಹೊತ್ತೊಯ್ದ ಇಸ್ರೋದ ಎಲ್‌ವಿಎಂ3 ನೆಲ ಬಿಡುವಾಗ ಸುಮಾರು 640 ಟನ್. ಅದರ ತೂಕ ಸುಮಾರು 6,260 ಕಿಲೋನ್ಯೂಟನ್. ಲೆಕ್ಕಕ್ಕೆ ಒಟ್ಟು ತಳ್ಳುಬಲ 9,000 ಕಿಲೋನ್ಯೂಟನ್ ಎಂದು ಹಿಡಿದರೆ ಶಿಲ್ಕು 2,740, ವೇಗೋತ್ಕರ್ಷ 4.3 ಮೀ/ಸೆ². ಅಂದರೆ ಆ ಅಬ್ಬರವೆಲ್ಲ ಸೇರಿ ಮೊದಲ ಸೆಕೆಂಡಿನಲ್ಲಿ ರಾಕೆಟ್ ಏರುವುದು ಎರಡು ಮೀಟರಿಗಿಂತ ಸ್ವಲ್ಪ ಹೆಚ್ಚು. ಟಿವಿಯಲ್ಲಿ ಅದು ಮೆಲ್ಲಗೆ ಎದ್ದಂತೆ ಕಾಣುವುದು ಅದಕ್ಕೇ. ಎರಡೂ ಪಕ್ಕದ ಘನ ಇಂಧನದ ಬೂಸ್ಟರುಗಳಲ್ಲಿ ಒಟ್ಟು 400 ಟನ್‌ಗೂ ಹೆಚ್ಚು ಇಂಧನವಿದ್ದು, ಅದು ಎರಡು ನಿಮಿಷದ ಆಸುಪಾಸಿನಲ್ಲಿ ಉರಿದು ಮುಗಿಯುತ್ತದೆ. ತಳ್ಳುಬಲ ಕೊನೆಯವರೆಗೂ 9,000ವೇ ಇದ್ದು ದ್ರವ್ಯರಾಶಿ 240 ಟನ್ನಿಗೆ ಇಳಿದರೆ, ನೇರ ಮೇಲಕ್ಕೆ ಸಾಗುವ ರಾಕೆಟ್ಟಿನ ವೇಗೋತ್ಕರ್ಷ 28ರ ಹತ್ತಿರ ಹೋಗುತ್ತದೆ, ಮೊದಲಿನ ಆರು ಪಟ್ಟಿಗೂ ಹೆಚ್ಚು. ಒಳಗಿನ ಉಪಗ್ರಹ, ಅದರ ಬೋಲ್ಟುಗಳು, ಬೆಸುಗೆಗಳು ಎಲ್ಲವೂ ತಮ್ಮ ದ್ರವ್ಯರಾಶಿಗೆ ತಕ್ಕಂತೆ ಅಷ್ಟು ಬಲ ತಾಳಬೇಕು. ಆದ್ದರಿಂದ ಘನ ಇಂಧನವನ್ನು ಅಚ್ಚು ಹಾಕುವಾಗಲೇ ನಡುವಿನ ಟೊಳ್ಳಿನ ಆಕಾರವನ್ನು ತಿದ್ದಿ, ಕೊನೆಕೊನೆಗೆ ಉರಿಯುವ ಮೇಲ್ಮೈ ಕಡಿಮೆಯಾಗಿ ತಳ್ಳುಬಲ ಇಳಿಯುವಂತೆ ಮಾಡುತ್ತಾರೆ. ತಳ್ಳುಗಾಡಿಗೆ ಒಮ್ಮೆ ಬರೆದ ಲೆಕ್ಕ ಸಾಕಾಗುತ್ತಿತ್ತು. ಇಲ್ಲಿ ತಳ್ಳುಬಲ, ತೂಕ, ಗಾಳಿಯ ತಡೆ, ಉಳಿದ ದ್ರವ್ಯರಾಶಿ ನಾಲ್ಕನ್ನೂ ಪ್ರತಿ ಕ್ಷಣಕ್ಕೂ ಹೊಸದಾಗಿ ಬರೆದು, ಆ ಕ್ಷಣದ ಶಿಲ್ಕನ್ನು ಆ ಕ್ಷಣದ ದ್ರವ್ಯರಾಶಿಯಿಂದಲೇ ಭಾಗಿಸಬೇಕು.